ಪ್ರಸಾದ

ಮುಧೋಳ, ಜಮಖಂಡಿ ಕಡೆಯ ಮಠಗಳಲ್ಲಿ ಊಟದ ಹೊತ್ತಿಗೆ ‘ಪ್ರಸಾದ ಆತೇನ್ರಿ?’ ಎಂದು ಕೇಳುತ್ತಾರೆ. ಆದರೆ ಪದದ ಮೂಲ ಅರ್ಥ ಊಟವಲ್ಲ. ಸಂಸ್ಕೃತದ ‘ಪ್ರ’ ಮತ್ತು ‘ಸದ್’ ಸೇರಿದರೆ ತಿಳಿಯಾಗುವುದು ಎಂದರ್ಥ. ಕದಡಿದ ನೀರನ್ನು ತಿಳಿಗೊಳಿಸುವ ಬೀಜ ಕೊಡುವ ಚಿಲ್ಲದ ಮರಕ್ಕೆ ‘ಅಂಬುಪ್ರಸಾದ’ ಎಂದೇ ಹೆಸರು. ‘ಪ್ರಸನ್ನ’ ಇದೇ ಮನೆಯದು. ‘ವಿಷಾದ’ವೂ ಇದೇ ಮನೆಯದು! ಕುಸಿಯುವುದಕ್ಕೂ ತಿಳಿಯಾಗುವುದಕ್ಕೂ ಧಾತು ಒಂದೇ ಎಂಬುದು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಅರ್ಜುನನ ವಿಷಾದದಿಂದ ಶುರುವಾಗುವ ಭಗವದ್ಗೀತೆ, 2ನೇ ಅಧ್ಯಾಯದ 65ನೇ ಶ್ಲೋಕದಲ್ಲಿ ದುಃಖ ಅಳಿಯುವ ಸ್ಥಿತಿಯನ್ನು ಪ್ರಸಾದವೆಂದೇ ಕರೆಯುತ್ತದೆ. ಶರಣರ ಷಟ್‌ಸ್ಥಲದ ಆರು ಮೆಟ್ಟಿಲುಗಳಲ್ಲಿ ಮೂರನೆಯದು ಪ್ರಸಾದಿಯದು. ಬಂದದ್ದನ್ನೆಲ್ಲ, ನೋವನ್ನೂ, ಶಿವನಿತ್ತದ್ದೆಂದು ಸ್ವೀಕರಿಸುವವನು ಅವನು.

ಮುಧೋಳ, ಜಮಖಂಡಿ ಕಡೆಯ ಹೊಳೆಗಳೂ ಹೀಗೆಯೇ ಕದಡುತ್ತವೆ, ತಿಳಿಯಾಗುತ್ತವೆ. 2019ರ ಆಗಸ್ಟ್‌ನ ನೆರೆಯಲ್ಲಿ ಘಟಪ್ರಭೆ ಮುಧೋಳದ ಊರುಗಳಿಗೆ, ಕೃಷ್ಣೆ ಜಮಖಂಡಿ, ರಬಕವಿ-ಬನಹಟ್ಟಿಯ ಹೊಳೆದಂಡೆಗೆ ನುಗ್ಗಿದವು. ಮನೆ, ಕಬ್ಬಿನ ಹೊಲ ಎಲ್ಲ ರಾಡಿ. ಅಂಥ ಹೊಳೆಯೂ ಮಳೆಗಾಲ ಕಳೆದ ಮೇಲೆ, ರಾಡಿ ತಳಕ್ಕಿಳಿದು, ತಿಳಿಯಾಗುತ್ತದೆ. ಸಂಕ್ರಾಂತಿಗೆ ಜನ ಅದೇ ನೀರಿಗಿಳಿದು ಮೀಯುತ್ತಾರೆ, ದಂಡೆಯ ಮೇಲೆ ಕೂತು ಸಜ್ಜೆ ರೊಟ್ಟಿಯ ಬುತ್ತಿ ಬಿಚ್ಚುತ್ತಾರೆ.