ಗ್ಯಾರೇಜ್ ಬಾಗಿಲಿನ ಸುರಕ್ಷತೆ

ಕರ್ನಾಟಕದಲ್ಲಿ ಗ್ಯಾರೇಜ್ ಎಂದರೆ ಬೈಕು, ಕಾರು ರಿಪೇರಿ ಮಾಡುವ ಅಂಗಡಿ. ಅಮೆರಿಕದಲ್ಲಿ ಅದು ಹೆಚ್ಚಾಗಿ ಮನೆಗೇ ಅಂಟಿಕೊಂಡ ಕಾರಿನ ಕೋಣೆ. ಅದರ ಬಾಗಿಲು ಹಿಂದಕ್ಕೂ ತೆರೆಯುವುದಿಲ್ಲ, ಪಕ್ಕಕ್ಕೂ ಸರಿಯುವುದಿಲ್ಲ. ಕೀಲು ಹಾಕಿ ಜೋಡಿಸಿದ ಅಡ್ಡ ಹಲಗೆಗಳು ಎರಡು ಬದಿಯ ಹಳಿ ಹಿಡಿದು ಮೇಲೇರುತ್ತವೆ, ತಿರುವಿನಲ್ಲಿ ಬಾಗಿ ಛಾವಣಿಯ ಕೆಳಗೆ ಅಡ್ಡಲಾಗಿ ಮಲಗುತ್ತವೆ. ಎರಡು ಕಾರು ಹಿಡಿಸುವ ಬಾಗಿಲಿನ ಅಗಲ ಸಾಮಾನ್ಯವಾಗಿ 16 ಅಡಿ, ಎತ್ತರ 7 ಅಡಿ. ಉಕ್ಕಿನ ತಗಡಿನದಾದರೆ ತೂಕ ಸುಮಾರು 60ರಿಂದ 100 ಕಿಲೋ, ಮರದ್ದಾದರೆ ಇನ್ನೂ ಹೆಚ್ಚು. ಮನೆಯಲ್ಲಿ ಚಲಿಸುವ ವಸ್ತುಗಳಲ್ಲೆಲ್ಲ ಇದೇ ದೊಡ್ಡದು. ಎಷ್ಟೋ ಮನೆಗಳಲ್ಲಿ ಮುಂಬಾಗಿಲಿಗಿಂತ ಇದರ ಓಡಾಟವೇ ಹೆಚ್ಚು.

ಮೇಲಕ್ಕೆ ಎತ್ತುವ ಈ ಬಾಗಿಲನ್ನು 1921ರಲ್ಲಿ ರೂಪಿಸಿದವನು ಸಿ. ಜಿ. ಜಾನ್ಸನ್. ಐದು ವರ್ಷದ ನಂತರ, 1926ರಲ್ಲಿ, ಅದನ್ನು ಎತ್ತಿಳಿಸಲು ವಿದ್ಯುತ್ ಮೋಟರನ್ನೂ ತಂದ. ಎರಡನೆಯ ಮಹಾಯುದ್ಧದ ನಂತರ ನಗರಗಳ ಅಂಚಿನಲ್ಲಿ ಕಾರು ನಂಬಿದ ಬಡಾವಣೆಗಳು ಬೆಳೆದಂತೆ, ಕಾರಿನಿಂದ ಇಳಿಯದೆ ರಿಮೋಟ್ ಒತ್ತಿ ಬಾಗಿಲು ತೆಗೆಯುವುದು ಮಾಮೂಲಾಯಿತು.

ಆ ಅನುಕೂಲಕ್ಕೆ ಮಕ್ಕಳು ಬೆಲೆ ತೆತ್ತರು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಬಂದ ವರದಿಗಳ ಪ್ರಕಾರ, 1982ರ ಮಾರ್ಚ್‌ನಿಂದ ಮುಂದಿನ ವರ್ಷಗಳಲ್ಲಿ 2ರಿಂದ 14 ವರ್ಷದೊಳಗಿನ ಸುಮಾರು 60 ಮಕ್ಕಳು ಸ್ವಯಂಚಾಲಿತ ಗ್ಯಾರೇಜ್ ಬಾಗಿಲಿನ ಕೆಳಗೆ ಸಿಕ್ಕಿ ಸತ್ತರು. ಗುಂಡಿ ಒತ್ತಿ, ಇಳಿಯುತ್ತಿರುವ ಬಾಗಿಲಿನಡಿ ನುಸುಳಿ ಓಡುವುದು ಮಕ್ಕಳಿಗೆ ಆಟ. ಹಳೆಯ ಯಂತ್ರಗಳು ಏನಾದರೂ ಅಡ್ಡ ಸಿಕ್ಕ ಮೇಲಷ್ಟೇ ಹಿಂದೆ ಸರಿಯಬೇಕಿತ್ತು. ಗಟ್ಟಿ ವಸ್ತುವಿಗೆ ತಗುಲಿದರೆ ಸರಿಯುತ್ತಲೂ ಇದ್ದವು. ಮಗುವಿನ ಮೈ ಗಟ್ಟಿಯಲ್ಲ, ಒತ್ತಿದರೆ ತಗ್ಗುತ್ತದೆ. ಮೋಟರಿನ ಬಲವನ್ನು ಹೆಚ್ಚಿಗೆ ಇಟ್ಟಿದ್ದರಂತೂ ಯಂತ್ರಕ್ಕೆ ಅದು ಅಡ್ಡಿಯಾಗಿ ತೋರುವುದೇ ಇಲ್ಲ.

ಕಾನೂನು ಬದಲಾದದ್ದು ಈ ಸಾವುಗಳಿಂದಲೇ. 1990ರಲ್ಲಿ ಅಮೆರಿಕದ ಸಂಸತ್ತು ಮನೆಬಳಕೆಯ ಬಾಗಿಲು ಯಂತ್ರಗಳಿಗೆ ‘ಯುಎಲ್ 325’ ಎಂಬ ಮಾನದಂಡದ ರಕ್ಷಣಾ ನಿಯಮಗಳನ್ನು ಕಡ್ಡಾಯ ಮಾಡಿತು. 1991ರ ಜನವರಿ 1ರ ನಂತರ ತಯಾರಾದ ಯಂತ್ರಗಳಲ್ಲಿ, ಇಳಿಯುವ ಬಾಗಿಲು ಅಡ್ಡಿಗೆ ತಾಗಿದ 2 ಸೆಕೆಂಡಿನೊಳಗೆ ಮೇಲಕ್ಕೆ ತಿರುಗಲೇಬೇಕು. 1993ರ ಜನವರಿ 1ರಿಂದ ಅಷ್ಟು ಸಾಲದೆಂದು, ತಾಗುವ ಮೊದಲೇ ಎಚ್ಚರಿಸುವ ವಿದ್ಯುತ್ ಕಣ್ಣು, ಇಲ್ಲವೇ ಬಾಗಿಲಿನ ಕೆಳ ಅಂಚಿನಲ್ಲಿ ಸ್ಪರ್ಶಪಟ್ಟಿಯಂಥ ಎರಡನೆಯ ರಕ್ಷಣೆಯೂ ಇರಬೇಕೆಂದಾಯಿತು. ಮನೆಯ ಯಂತ್ರವೊಂದರ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಮಾತಾಡಿದ ಕಾನೂನುಗಳು ಹೆಚ್ಚಿಲ್ಲ.

ವಿದ್ಯುತ್ ಕಣ್ಣು ಎಂದರೆ ಬಾಗಿಲಿನ ಎರಡು ಬದಿಯಲ್ಲಿ ಎದುರುಬದುರಾಗಿ ಕೂತ ಎರಡು ಪುಟ್ಟ ಡಬ್ಬಿಗಳು. ಒಂದು ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಕಾಲೋ ಬೆಕ್ಕೋ ಚೆಂಡೋ ಬಂದು ಕಿರಣ ತುಂಡಾದರೆ ಇಳಿಯುತ್ತಿದ್ದ ಬಾಗಿಲು ನಿಂತು ಮೇಲೇರುತ್ತದೆ. ನೆಲದಿಂದ 6 ಇಂಚಿಗಿಂತ ಮೇಲೆ ಇವನ್ನು ಕೂರಿಸುವಂತಿಲ್ಲ. ತೆವಳುವ ಮಗು, ಜಾರಿ ಬಿದ್ದು ಮಲಗಿರುವ ಮಗು ಕೂಡ ಕಿರಣಕ್ಕೆ ಸಿಗಬೇಕು ಎಂಬುದೇ ಕಾರಣ. ತಂತಿ ಕಿತ್ತರೆ, ಗಾಜಿಗೆ ಜೇಡನ ಬಲೆ ಕಟ್ಟಿದರೆ, ಸಂಜೆಯ ಓರೆ ಬಿಸಿಲು ನೇರ ಬಿದ್ದರೆ ಬಾಗಿಲು ರಿಮೋಟಿಗೆ ಮುಚ್ಚುವುದಿಲ್ಲ. ಗೋಡೆಯ ಗುಂಡಿಯನ್ನು ಪೂರ್ತಿ ಮುಚ್ಚುವವರೆಗೂ ಒತ್ತಿ ಹಿಡಿಯಬೇಕು. ಈ ಕಿರಿಕಿರಿ ತಾಳಲಾರದೆ ಕೆಲವರು ಎರಡು ಕಣ್ಣುಗಳನ್ನೂ ಕಿತ್ತು, ಮುಖಕ್ಕೆ ಮುಖ ಸೇರಿಸಿ ಟೇಪು ಸುತ್ತಿ ಛಾವಣಿಯ ಮೋಟರಿನ ಬಳಿ ಇಡುತ್ತಾರೆ. ಯಂತ್ರ ಮೋಸ ಹೋಗುತ್ತದೆ, ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಆದರೆ ಅಲ್ಲಿಗೆ ಆ ಮನೆ 1993ರ ಹಿಂದಕ್ಕೆ ಹೋದಂತೆ. ಮಾಡಬೇಕಾದದ್ದು ಒಣಬಟ್ಟೆಯಿಂದ ಗಾಜು ಒರೆಸಿ, ಎರಡೂ ದೀಪ ಸ್ಥಿರವಾಗಿ ಉರಿಯುವಂತೆ ಡಬ್ಬಿಗಳನ್ನು ಎದುರುಬದುರು ನಿಲ್ಲಿಸುವುದು, ಅಷ್ಟೇ.

ತಿಂಗಳಿಗೊಮ್ಮೆ ಹತ್ತು ನಿಮಿಷ ಕೊಟ್ಟರೆ ಮನೆಯವರೇ ಬಾಗಿಲನ್ನು ಪರೀಕ್ಷಿಸಬಹುದು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲಿನ ನಟ್ಟನಡುವೆ ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ಮುಚ್ಚಿದಾಗ, ಮರ ತಾಗಿದ ಕೂಡಲೇ ಬಾಗಿಲು ಹಿಂದಿರುಗಬೇಕು. ಇಳಿಯುವಾಗ ಕಣ್ಣಿನ ಮುಂದೆ ಪೊರಕೆ ಕಡ್ಡಿ ಆಡಿಸಿದರೂ ಹಿಂದಿರುಗಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಸರಿಪಡಿಸುವವರೆಗೆ ಮೋಟರನ್ನು ಬಳಸಕೂಡದು.

ಮೂರನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಅಸಲಿ ವಿಷಯ ಇರುವುದು ಅಲ್ಲೇ. ಬಾಗಿಲು ಮುಚ್ಚಿರುವಾಗ ಮೋಟರಿನಿಂದ ಇಳಿಬಿದ್ದ ಕೆಂಪು ಹಿಡಿಯ ಹಗ್ಗ ಎಳೆದು ಬಾಗಿಲನ್ನು ಮೋಟರಿನಿಂದ ಬಿಡಿಸಿ, ಕೈಯಿಂದ ಅರ್ಧ ಎತ್ತರಕ್ಕೆ ಎತ್ತಿ ಮೆಲ್ಲಗೆ ಬಿಟ್ಟು ನೋಡಬೇಕು. ಅದು ನಿಂತಲ್ಲೇ ನಿಲ್ಲಬೇಕು. ಧೊಪ್ಪನೆ ಕುಸಿದರೆ, ಇಲ್ಲವೇ ತಾನಾಗಿ ಮೇಲೇರಿದರೆ ಸಮತೋಲ ಕೆಟ್ಟಿದೆ. ಬಾಗಿಲನ್ನು ಎತ್ತುವುದು ಮೋಟರ್ ಎಂದು ಎಲ್ಲರೂ ತಿಳಿದಿದ್ದಾರೆ. ಭಾರ ಹೊರುವುದು ನಿಜವಾಗಿ ಸ್ಪ್ರಿಂಗು. ಬಾವಿಯಿಂದ ನೀರು ಸೇದುವ ಏತದ ಹಿಂದುಗಡೆ ಕಟ್ಟಿದ ಕಲ್ಲಿನಂತೆ ಅದು ಬಾಗಿಲಿನ ತೂಕಕ್ಕೆ ಎದುರು ತೂಕ. ಮೋಟರ್ ಮಾಡುವುದು ಆ ತಕ್ಕಡಿಯನ್ನು ಅತ್ತಿತ್ತ ವಾಲಿಸುವ ಕೆಲಸ ಮಾತ್ರ.

ಸಾಮಾನ್ಯ ಸ್ಪ್ರಿಂಗಿನ ಆಯಸ್ಸನ್ನು 10,000 ಸುತ್ತು ಎಂದು ಲೆಕ್ಕ ಹಾಕುತ್ತಾರೆ. ಒಮ್ಮೆ ತೆರೆದು ಮುಚ್ಚಿದರೆ ಒಂದು ಸುತ್ತು. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷಕ್ಕೆ ಮುಗಿಯಿತು. ಬಾಗಿಲಿನ ನೆತ್ತಿಯ ಕಂಬಿಗೆ ಸುತ್ತಿದ ಟಾರ್ಶನ್ ಸ್ಪ್ರಿಂಗು ಮುರಿದಾಗ ಪಟಾಕಿ ಸಿಡಿದಂಥ ಸದ್ದಾಗುತ್ತದೆ. ಹಳಿಯ ಉದ್ದಕ್ಕೂ ಎಳೆದು ಕಟ್ಟಿದ ಎಕ್ಸ್‌ಟೆನ್ಶನ್ ಸ್ಪ್ರಿಂಗು ಮುರಿದರೆ ಚಾಟಿಯಂತೆ ಹಾರುತ್ತದೆ. ಹಾಗಾಗದಿರಲು ಅದರ ಒಳಗಿಂದ ಒಂದು ಸುರಕ್ಷತಾ ಕೇಬಲ್ ಹಾದಿರಬೇಕು. ಕೇಬಲ್ ಇದೆಯೋ ಇಲ್ಲವೋ ಎಂದು ನೋಡಲು ಮೆಕ್ಯಾನಿಕ್ ಬೇಕಿಲ್ಲ, ಕೆಳಗೆ ನಿಂತು ತಲೆ ಎತ್ತಿದರೆ ಸಾಕು. ಆದರೆ ಸ್ಪ್ರಿಂಗು ಬಿಗಿಮಾಡುವುದು, ಬದಲಿಸುವುದು, ಬಾಗಿಲಿನ ಬುಡದಲ್ಲಿ ಕೇಬಲ್ ಹಿಡಿದ ಕ್ಲಾಂಪಿನ ಬೋಲ್ಟು ಬಿಚ್ಚುವುದು ಇವು ಮನೆಯವರ ಕೆಲಸವಲ್ಲ. ಬಾಗಿಲಿನ ತೂಕವನ್ನೆಲ್ಲ ಹೊರುವ ಶಕ್ತಿ ಅಲ್ಲಿ ಕಟ್ಟಿಟ್ಟುಕೊಂಡು ಕೂತಿರುತ್ತದೆ. ವಿಡಿಯೊ ನೋಡಿ ಕಲಿಯಲು ಹೊರಟವರ ಬೆರಳು, ಕಣ್ಣು ಹೋಗುವುದು ಹೀಗೆ.

ಬೆರಳಿಗೆ ಇನ್ನೊಂದು ಅಪಾಯವಿದೆ. ಹಲಗೆಗಳು ತಿರುವಿನಲ್ಲಿ ಬಾಗಿದಾಗ ನಡುವಿನ ಸಂದು ಬಾಯಿ ತೆರೆಯುತ್ತದೆ, ನೇರವಾದಾಗ ಕತ್ತರಿಯಂತೆ ಮುಚ್ಚುತ್ತದೆ. ಕೈಯಿಂದ ಎಳೆಯುವ ಬಾಗಿಲಿಗೆ ಹಿಡಿ ಇಲ್ಲದಿದ್ದರೆ ಜನ ಆ ಸಂದಿಗೇ ಬೆರಳು ಹಾಕಿ ಎಳೆಯುತ್ತಾರೆ. ಒಳಗೂ ಹೊರಗೂ ಹಿಡಿ ಹಾಕಿಸುವುದು ಅಗ್ಗದ ಉಪಾಯ. ಹೊಸ ಬಾಗಿಲು ಕೊಳ್ಳುವವರು ಬೆರಳು ನುಗ್ಗದ ಅಂಚಿನ ಹಲಗೆಗಳನ್ನೇ ಕೇಳಿ ಪಡೆಯಬಹುದು.

ಗೋಡೆಯ ಗುಂಡಿ ನೆಲದಿಂದ ಕನಿಷ್ಠ 5 ಅಡಿ ಎತ್ತರದಲ್ಲಿ, ಬಾಗಿಲು ಪೂರ್ತಿ ಕಾಣುವ ಜಾಗದಲ್ಲಿರಬೇಕು. ರಿಮೋಟು ಆಟಿಕೆಯಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಕಡೆಯ ಕನ್ನಡದ ಮನೆಗಳಲ್ಲಿ ಇದಕ್ಕೊಂದು ಮುಖ್ಯ ಸಂಗತಿ ಸೇರಿಕೊಳ್ಳುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿಂದ ಕೆಲವು ತಿಂಗಳಿಗೆ ಬರುವ ಅಜ್ಜ ಅಜ್ಜಿಗೆ ಇಂಥ ಬಾಗಿಲಿನ ರೂಢಿ ಇರುವುದಿಲ್ಲ, ಹಗಲು ಮಗುವಿನ ಜತೆ ಇರುವವರು ಮಾತ್ರ ಅವರೇ. ಬಂದ ವಾರದಲ್ಲೇ ಅವರ ಕೈಯಲ್ಲಿ ಕೆಂಪು ಹಗ್ಗ ಎಳೆಸಬೇಕು, ಗುಂಡಿ ಒತ್ತಿಸಬೇಕು, ಬಾಗಿಲು ನೆಲ ಮುಟ್ಟುವವರೆಗೆ ಕಣ್ಣು ತೆಗೆಯಬಾರದು ಎಂದು ಹೇಳಬೇಕು. ಬಾಗಿಲು ಮೇಲಿರುವಾಗ ಹಗ್ಗ ಎಳೆಯಬಾರದು ಎಂಬುದನ್ನೂ ಹೇಳಬೇಕು. ಸ್ಪ್ರಿಂಗು ಮುರಿದಿದ್ದರೆ ಪೂರ್ತಿ ಭಾರ ಒಮ್ಮೆಲೇ ಕೆಳಗೆ ಬೀಳುತ್ತದೆ.

ಕಳ್ಳರ ವಿಷಯಕ್ಕೆ ಬಂದರೆ, ಹಳೆಯ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸುತ್ತಿದ್ದವು. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಭದ್ರತಾ ತಜ್ಞ ಮಕ್ಕಳ ಸಂದೇಶದ ಆಟಿಕೆಯೊಂದನ್ನು ಬದಲಿಸಿ, ಅಂಥ ಬಾಗಿಲುಗಳನ್ನು 10 ಸೆಕೆಂಡಿನೊಳಗೆ ತೆರೆಯಬಹುದೆಂದು ತೋರಿಸಿದ. 1990ರ ದಶಕದ ನಡುವಿನಿಂದ ಬಂದ, ಪ್ರತಿ ಒತ್ತಿಗೂ ಸಂಕೇತ ಬದಲಿಸುವ ಯಂತ್ರಗಳಿಗೆ ಈ ಉಪಾಯ ನಡೆಯುವುದಿಲ್ಲ.

ಬಾಗಿಲು ತೆರೆಯದಿರುವುದೂ ಅಪಾಯವೇ. 2017ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು ಮನೆಗಳಿಗೆ ನುಗ್ಗಿದ ರಾತ್ರಿ ವಿದ್ಯುತ್ ಹೋಯಿತು. ಗ್ಯಾರೇಜಿನಲ್ಲಿ ಕಾರು ಇದ್ದರೂ ಬಾಗಿಲು ಎತ್ತಲಾಗದೆ ಜನ, ಅದರಲ್ಲೂ ವಯಸ್ಸಾದವರು, ಸಿಕ್ಕಿಹಾಕಿಕೊಂಡರು. ಮರುವರ್ಷ ಆ ರಾಜ್ಯ ಕಾನೂನು ಮಾಡಿ, 2019ರ ಜುಲೈ 1ರಿಂದ ಅಲ್ಲಿ ಮಾರುವ ಮತ್ತು ಕೂರಿಸುವ ಮನೆಬಳಕೆಯ ಬಾಗಿಲು ಯಂತ್ರಗಳಲ್ಲಿ ಬ್ಯಾಟರಿ ಇರಲೇಬೇಕೆಂದಿತು. ಇನ್ನು, ಮುಚ್ಚಿದ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಓಡಲು ಬಿಡಬಾರದು. ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗಿನ ಬಾಗಿಲ ಸಂದಿನಿಂದ ಮಲಗುವ ಕೋಣೆಗೆ ಸೇರುತ್ತದೆ.

ಯುರೋಪು ಇದೇ ಸಮಸ್ಯೆಯನ್ನು ಬಲದ ಅಳತೆಯಿಂದ ಬಿಡಿಸಿಕೊಂಡಿದೆ: ಬಾಗಿಲಿನ ಅಂಚಿಗೂ ನೆಲಕ್ಕೂ ನಡುವೆ ಸಿಕ್ಕವರ ಮೇಲೆ ಬೀಳುವ ಬಲ 400 ನ್ಯೂಟನ್ ಮೀರಬಾರದು, ಮುಕ್ಕಾಲು ಸೆಕೆಂಡಿನೊಳಗೆ 150ಕ್ಕೆ ಇಳಿಯಬೇಕು. ಬೆಂಗಳೂರಿನ ವಿಲ್ಲಾಗಳಲ್ಲಿ ಮೋಟರಿನ ಶಟರು, ತಾನಾಗಿ ಸರಿಯುವ ಗೇಟು ಹಾಕಿಸುವವರು ಬಣ್ಣ ಆರಿಸುವ ಮೊದಲು ಕಣ್ಣು ಇದೆಯೇ, ಅಡ್ಡ ಸಿಕ್ಕರೆ ಹಿಂದೆ ಸರಿಯುತ್ತದೆಯೇ ಎಂದು ಕೇಳಿ, ಎದುರಿಗೇ ಮಾಡಿ ತೋರಿಸಲು ಹೇಳಬೇಕು.

ಹಳೆಯ ಮನೆ ಕೊಂಡವರು, ಬಾಡಿಗೆಗೆ ಹೋದವರು ಇಂದು ಸಂಜೆಯೇ ಬಾಗಿಲಿನ ಬುಡದ ಎರಡು ಬದಿ ಬಗ್ಗಿ ನೋಡಲಿ. ಅಲ್ಲಿ ವಿದ್ಯುತ್ ಕಣ್ಣೂ ಇಲ್ಲ, ಅಂಚಿಗೆ ಸ್ಪರ್ಶಪಟ್ಟಿಯೂ ಇಲ್ಲ ಎಂದಾದರೆ, ಯಂತ್ರ 1993ಕ್ಕಿಂತ ಹಿಂದಿನದು ಅಥವಾ ಯಾರೋ ಕಿತ್ತಿದ್ದಾರೆ. ಅದರ ಪ್ಲಗ್ ತೆಗೆದು, ಹೊಸದು ಬರುವವರೆಗೆ ಬಾಗಿಲನ್ನು ಕೈಯಿಂದಲೇ ಎತ್ತಿ ಇಳಿಸಲಿ.