ಸೀಟಿಗೂ ಮೊದಲೇ ಹಾಕುವ ಸಹಿ: ಅಮೆರಿಕದ ಅರ್ಲಿ ಡಿಸಿಷನ್

ಕೆಸಿಇಟಿ ದಾಟಿ ಬಂದ ಮನೆಗಳಿಗೆ ಸೀಟು ಹಂಚಿಕೆಯ ನಂತರದ ನಾಲ್ಕು ಚಾಯ್ಸ್‌ಗಳು ಚೆನ್ನಾಗಿ ಗೊತ್ತು. ಸಿಕ್ಕಿದ್ದು ಒಪ್ಪಿಗೆ, ಮುಂದಿನ ಸುತ್ತು ಬೇಡ ಎನ್ನುವವರು ಚಾಯ್ಸ್ 1 ಒತ್ತುತ್ತಾರೆ. ಕಾಲೇಜು ಯಾವುದೆಂದು ಗೊತ್ತಾದ ಮೇಲೆ, ಶುಲ್ಕ ನೋಡಿಕೊಂಡು, ಮನೆಯವರೆಲ್ಲ ಕೂತು ಮಾತಾಡಿ ಮಾಡುವ ತೀರ್ಮಾನ ಅದು. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳ ಅರ್ಲಿ ಡಿಸಿಷನ್ ಎಂದರೆ ಅದೇ ಚಾಯ್ಸ್ 1 ಅನ್ನು ಸೀಟು ಹಂಚುವ ಮೊದಲೇ, ಕೈಯಿಂದ ಎಷ್ಟು ಹಣ ಹೋಗುತ್ತದೆಂದು ತಿಳಿಯುವ ಮೊದಲೇ ಬರೆದುಕೊಟ್ಟ ಹಾಗೆ.

ಸುತ್ತುಗಳು, ಗಡುವುಗಳು

ಅರ್ಲಿ ಡಿಸಿಷನ್ ಅರ್ಜಿಯ ಗಡುವು ಸಾಮಾನ್ಯವಾಗಿ ನವೆಂಬರ್ 1, ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ. ಒಬ್ಬ ವಿದ್ಯಾರ್ಥಿ ಒಂದೇ ಕಾಲೇಜಿಗೆ ಹೀಗೆ ಅರ್ಜಿ ಹಾಕಬಹುದು. ಪ್ರವೇಶ ಸಿಕ್ಕರೆ ಬೇರೆ ಕಡೆ ಹಾಕಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಂಡು ಅಲ್ಲಿಗೇ ಸೇರಬೇಕು. ಕೆಲವು ಕಾಲೇಜುಗಳಲ್ಲಿ ಜನವರಿ ಮೊದಲ ವಾರದ ಗಡುವಿನ ಎರಡನೇ ಅರ್ಲಿ ಡಿಸಿಷನ್ ಸುತ್ತೂ ಇದೆ.

ಅರ್ಲಿ ಆ್ಯಕ್ಷನ್ ಬೇರೆಯೇ. ಅದರಲ್ಲಿ ಉತ್ತರ ಬೇಗ ಬರುತ್ತದೆ, ಸೇರಲೇಬೇಕೆಂಬ ಕಟ್ಟುಪಾಡು ಇಲ್ಲ. ಎಂಐಟಿಯದು ಈ ಬಗೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ನಡುವಿನ ದಾರಿ: ಸೇರುವ ಬಂಧನವಿಲ್ಲ, ಆದರೆ ಬೇರೆ ಖಾಸಗಿ ಕಾಲೇಜುಗಳಿಗೆ ಅದೇ ಹೊತ್ತಿಗೆ ಅರ್ಲಿ ಅರ್ಜಿ ಹಾಕುವಂತಿಲ್ಲ. ಉಳಿದದ್ದು ರೆಗ್ಯುಲರ್ ಸುತ್ತು. ಅದರ ಅರ್ಜಿ ಜನವರಿ ಆರಂಭಕ್ಕೆ, ಉತ್ತರ ಮಾರ್ಚ್ ಕೊನೆಗೆ, ಒಪ್ಪಿಗೆ ತಿಳಿಸಲು ಮೇ 1ರವರೆಗೆ ಸಮಯ. ಕ್ಯಾಲಿಫೋರ್ನಿಯಾದ ಸರ್ಕಾರಿ ಯುಸಿ ವಿಶ್ವವಿದ್ಯಾಲಯಗಳಲ್ಲಿ ಈ ಅರ್ಲಿ ಗೊಡವೆಯೇ ಇಲ್ಲ.

ಒಪ್ಪಂದದ ಪತ್ರದಲ್ಲಿ ಮೂರು ಸಹಿ ಇರುತ್ತವೆ: ವಿದ್ಯಾರ್ಥಿಯದು, ತಂದೆ ಅಥವಾ ತಾಯಿಯದು, ಶಾಲೆಯ ಕೌನ್ಸೆಲರ್‌ರದು. ಮಾತು ಮುರಿದವರನ್ನು ಕಾಲೇಜುಗಳು ಕೋರ್ಟಿಗೆ ಎಳೆಯುವ ರೂಢಿಯಿಲ್ಲ. ಆದರೆ ಮೂರನೆಯ ಸಹಿಯ ಭಾರ ಮುಂದಿನ ವರ್ಷ ಅದೇ ಶಾಲೆಯಿಂದ ಅರ್ಜಿ ಹಾಕುವ ಮಕ್ಕಳ ಮೇಲೆ ಬೀಳಬಹುದು. ಮುರಿಯಲು ಎಲ್ಲರೂ ಒಪ್ಪುವ ಕಾರಣ ಒಂದೇ: ಕೊಟ್ಟ ಆರ್ಥಿಕ ನೆರವು ಸಾಲದಿರುವುದು.

ಕಾಲೇಜಿಗೇನು ಲಾಭ

ಪ್ರವೇಶ ಕೊಟ್ಟ ನೂರು ಮಂದಿಯಲ್ಲಿ ಎಷ್ಟು ಮಂದಿ ನಿಜವಾಗಿ ಸೇರುತ್ತಾರೆ ಎಂಬ ಲೆಕ್ಕಕ್ಕೆ ‘ಯೀಲ್ಡ್’ ಎನ್ನುತ್ತಾರೆ. ರೆಗ್ಯುಲರ್ ಸುತ್ತಿನ ಜಾಣ ಮಕ್ಕಳ ಕೈಯಲ್ಲಿ ಐದಾರು ಕಾಲೇಜುಗಳ ಪತ್ರ ಇರುತ್ತದೆ, ಅವರು ಎತ್ತ ಹೋಗುತ್ತಾರೋ ಹೇಳಲಾಗದು. ಅರ್ಲಿ ಡಿಸಿಷನ್‌ನಲ್ಲಿ ಆ ಅನುಮಾನವಿಲ್ಲ. ಹಾಸ್ಟೆಲ್ ಕೋಣೆ, ಶುಲ್ಕದ ಆದಾಯ, ತಂಡಕ್ಕೆ ಬೇಕಾದ ಆಟಗಾರರು, ಎಲ್ಲವೂ ಡಿಸೆಂಬರ್‌ಗೇ ಅರ್ಧ ಖಾತ್ರಿ. ಪ್ರವೇಶ ಪ್ರಮಾಣ ಕಡಿಮೆ ತೋರಿದಷ್ಟೂ ಹೆಸರು ಏರುತ್ತದೆ ಎಂಬ ಲೆಕ್ಕಾಚಾರವೂ ಇದರ ಹಿಂದಿದೆ.

ಶೇ 14 ಮತ್ತು ಶೇ 4ರ ನಡುವೆ

ಪೋಷಕರನ್ನು ದಾರಿ ತಪ್ಪಿಸುವುದು ಈ ಅಂಕಿಗಳೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಬ್ರೌನ್ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಸೇರಿದ ತಂಡವನ್ನು ನೋಡಿ. ಅರ್ಲಿ ಡಿಸಿಷನ್‌ಗೆ ಬಂದ 6,244 ಅರ್ಜಿಗಳಲ್ಲಿ 898 ಮಂದಿಗೆ ಪ್ರವೇಶ ಸಿಕ್ಕಿತು, ಅಂದರೆ ಶೇ 14ಕ್ಕಿಂತ ಸ್ವಲ್ಪ ಹೆಚ್ಚು. ಒಟ್ಟು ಅರ್ಜಿಗಳು 48,881, ಒಟ್ಟು ಪ್ರವೇಶ 2,521. ಕಳೆದು ನೋಡಿದರೆ ರೆಗ್ಯುಲರ್ ಸುತ್ತಿನಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ 1,623 ಪ್ರವೇಶ, ಶೇ 4ಕ್ಕೂ ಕಡಿಮೆ. ಇದನ್ನು ಕಂಡ ಯಾರಿಗಾದರೂ ನವೆಂಬರ್‌ನಲ್ಲಿ ಅರ್ಜಿ ಹಾಕಿದರೆ ಅವಕಾಶ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ ಅನ್ನಿಸುತ್ತದೆ.

ಹಾಗಲ್ಲ. ಕೋಚ್‌ಗಳು ಮೊದಲೇ ಆರಿಸಿಟ್ಟ ಕ್ರೀಡಾಪಟುಗಳು ಹೆಚ್ಚಾಗಿ ಈ ಸುತ್ತಿನಲ್ಲೇ ಬರುತ್ತಾರೆ. ತಂದೆತಾಯಿ ಅದೇ ಕಾಲೇಜಿನಲ್ಲಿ ಓದಿದ್ದಕ್ಕೆ ಮಕ್ಕಳಿಗೆ ಸಿಗುವ ‘ಲೆಗಸಿ’ ಆದ್ಯತೆಯ ಮಕ್ಕಳೂ ಇಲ್ಲಿ ಹೆಚ್ಚು. ಇಂಥವರು 898ರಲ್ಲಿ 300 ಮಂದಿ ಎಂದಿಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ). ಅವರನ್ನು ಎರಡೂ ಕಡೆಯಿಂದ ತೆಗೆದರೆ 5,944 ಅರ್ಜಿಗಳಿಗೆ 598 ಪ್ರವೇಶ, ಶೇ 10 ಆಗುತ್ತದೆ. ಉಳಿದವರಲ್ಲೂ ಒಳ್ಳೆಯ ಶಾಲೆ, ಪೂರ್ಣಾವಧಿ ಕೌನ್ಸೆಲರ್, ಅಕ್ಟೋಬರ್ ಹೊತ್ತಿಗೆ ಸಿದ್ಧವಾದ ಪ್ರಬಂಧ, ಇವೆಲ್ಲ ಇರುವವರೇ ಜಾಸ್ತಿ. ಹಾಗಾಗಿ ಸಾಧಾರಣ ಅರ್ಜಿದಾರನಿಗೆ ಸಿಗುವ ಅನುಕೂಲ ಇನ್ನೂ ಸಣ್ಣದು.

ಸಣ್ಣದೆಂದರೆ ಇಲ್ಲವೇ ಇಲ್ಲ ಎಂದಲ್ಲ. ಕ್ರಿಸ್ಟೋಫರ್ ಏವರಿ, ಆ್ಯಂಡ್ರೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ 14 ಕಾಲೇಜುಗಳ 5 ಲಕ್ಷಕ್ಕೂ ಹೆಚ್ಚು ಅರ್ಜಿಗಳನ್ನು ಪರಿಶೀಲಿಸಿ 2003ರಲ್ಲಿ ಪುಸ್ತಕ ಬರೆದರು. ಒಂದೇ ಮಟ್ಟದ ವಿದ್ಯಾರ್ಥಿಗಳನ್ನು ಹೋಲಿಸಿದರೆ, ಅರ್ಲಿ ಅರ್ಜಿಯ ಅನುಕೂಲ ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದದ್ದಕ್ಕೆ ಸಮ ಎಂದು ಅವರು ಕಂಡುಕೊಂಡರು. ದಡದ ಹತ್ತಿರ ಈಜುತ್ತಿರುವವನನ್ನು ಇದು ದಾಟಿಸಬಹುದು. ದೂರ ಇರುವವನಿಗೆ ಇದರಿಂದ ಪ್ರಯೋಜನವಿಲ್ಲ.

ನೀವು ದಡದಿಂದ ಎಷ್ಟು ದೂರ ಎಂದು ಅಳೆಯಲು ‘ಕಾಮನ್ ಡೇಟಾ ಸೆಟ್’ ನೋಡಿ. ಬಹುತೇಕ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಈ ದಾಖಲೆಯ ಸಿ7 ಕೋಷ್ಟಕದಲ್ಲಿ ಅಂಕ, ಪ್ರಬಂಧ, ಶಿಫಾರಸು, ಅಭ್ಯರ್ಥಿ ತೋರಿದ ಆಸಕ್ತಿ, ಯಾವುದಕ್ಕೆ ಎಷ್ಟು ತೂಕ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ಸೇರಿದವರ ಎಸ್‌ಎಟಿ ಅಂಕಗಳ ಹರವೂ ಅದೇ ದಾಖಲೆಯಲ್ಲಿದೆ. ಹಣ ತೆಗೆದುಕೊಂಡು ‘ನಿಮ್ಮ ಚಾನ್ಸ್ ಶೇ 62’ ಎಂದು ಹೇಳುವವರಿಗಿಂತ ಈ ಉಚಿತ ದಾಖಲೆಯೇ ಮೇಲು.

ಹಣದ ಮಾತು

ನನ್ನ ಮಟ್ಟಿಗೆ ಅರ್ಲಿ ಡಿಸಿಷನ್‌ನ ಮೊದಲ ಪ್ರಶ್ನೆ ‘ಸಿಗುತ್ತದೆಯೇ’ ಅಲ್ಲ, ‘ಸಿಕ್ಕರೆ ಕಟ್ಟಲು ಆಗುತ್ತದೆಯೇ’. ಇಂಥ ಖಾಸಗಿ ಕಾಲೇಜುಗಳಲ್ಲಿ ಓದು, ಊಟ, ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ಅದು ಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು. ರೆಗ್ಯುಲರ್ ಸುತ್ತಿನವರು ನಾಲ್ಕು ಕಾಲೇಜುಗಳ ನೆರವಿನ ಪತ್ರಗಳನ್ನು ಮೇಜಿನ ಮೇಲೆ ಹರಡಿ ಹೋಲಿಸಬಹುದು, ಚೌಕಾಸಿಯನ್ನೂ ಮಾಡಬಹುದು. ಅರ್ಲಿ ಡಿಸಿಷನ್ ಸಹಿ ಹಾಕಿದವರಿಗೆ ಆ ಮೇಜು ಇಲ್ಲ. ಉಳ್ಳವರಿಗೆ ಇದು ಅನುಕೂಲ, ನೆರವು ಬೇಕಾದವರಿಗೆ ಬಿಸಿತುಪ್ಪ.

ಈ ಅನ್ಯಾಯವನ್ನು ಒಪ್ಪಿಯೇ 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯಗಳು ಅರ್ಲಿ ಸುತ್ತನ್ನೇ ಕೈಬಿಡುವುದಾಗಿ ಪ್ರಕಟಿಸಿದವು. ಉಳಿದವರು ಹಿಂದೆ ಬರಲಿಲ್ಲ. 2011ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್, ಬಂಧನವಿಲ್ಲದ ರೂಪದಲ್ಲಿ, ಅದನ್ನು ಮತ್ತೆ ತಂದವು. 2025ರ ಆಗಸ್ಟ್‌ನಲ್ಲಿ 32 ಕಾಲೇಜುಗಳ ವಿರುದ್ಧ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯದಲ್ಲಿ, ಈ ಪದ್ಧತಿ ಪೈಪೋಟಿಯನ್ನು ಕೊಂದು ಶುಲ್ಕ ಏರಿಸುತ್ತದೆ ಎಂದು ದಾವೆ ಹೂಡಲಾಯಿತು.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ

ಫ್ರೀಮಾಂಟ್‌ನಲ್ಲಿ ಹುಟ್ಟಿದ ಕನ್ನಡದ ಹುಡುಗಿ ಅಮೆರಿಕದ ಪ್ರಜೆ. ಧಾರವಾಡದ ಹುಡುಗಿ ವಿದೇಶಿ ಅರ್ಜಿದಾರಳು. ಇಬ್ಬರ ಲೆಕ್ಕ ಬೇರೆ ಬೇರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಮೊದಲಾದ ಕೆಲವೇ ಸಂಸ್ಥೆಗಳು ವಿದೇಶಿಯರ ಅರ್ಜಿಯನ್ನೂ ಅವರ ಹಣದ ಸ್ಥಿತಿ ನೋಡದೆ ತೂಗುತ್ತವೆ. 2025ರಲ್ಲಿ ಸೇರಿದ ತಂಡದಿಂದ ಬ್ರೌನ್ ಕೂಡ ಈ ಸಾಲಿಗೆ ಬಂದಿದೆ. ಮಿಕ್ಕ ಕಡೆ ನೆರವು ಕೇಳಿದರೆ ಅವಕಾಶ ಕುಗ್ಗುತ್ತದೆ. ಹಾಗೆಂದು ಈಗ ಸುಮ್ಮನಿದ್ದು ಸೇರಿದ ಮೇಲೆ ಕೇಳೋಣ ಎಂದರೆ, ಹಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳಿಗೆ ಆಮೇಲೆ ಕೊಡುವುದೇ ಇಲ್ಲ.

ಇನ್ನೊಂದು ತೊಡಕು ಕಾಲದ್ದು. ದ್ವಿತೀಯ ಪಿಯುಸಿ ಪರೀಕ್ಷೆ ಇನ್ನೂ ಮಾರ್ಚ್‌ಗೆ ಇರುವಾಗ ನವೆಂಬರ್ 1ಕ್ಕೆ ಅರ್ಜಿ ಹೋಗಬೇಕು. ಒಂಬತ್ತು, ಹತ್ತು, ಪ್ರಥಮ ಪಿಯುಸಿಯ ಅಂಕಪಟ್ಟಿಗಳ ಜೊತೆಗೆ ದ್ವಿತೀಯ ಪಿಯುಸಿಯಲ್ಲಿ ಇಷ್ಟು ಬರಬಹುದೆಂದು ಪಿಯು ಕಾಲೇಜು ಬರೆದುಕೊಡಬೇಕಾಗುತ್ತದೆ. ಕೌನ್ಸೆಲರ್ ಇಲ್ಲದ ಕಡೆ ಆ ಪತ್ರವನ್ನೂ ಮೂರನೆಯ ಸಹಿಯನ್ನೂ ಪ್ರಾಂಶುಪಾಲರೋ ಉಪನ್ಯಾಸಕರೋ ಕೊಡಬೇಕು. ಸೆಪ್ಟೆಂಬರ್‌ನಲ್ಲೇ ಅವರ ಮುಂದೆ ಕೂತು ಒಪ್ಪಂದದ ಪತ್ರವನ್ನು ಓದಿ ಹೇಳುವುದು ಒಳ್ಳೆಯದು.

ಡಿಸೆಂಬರ್‌ನ ಉತ್ತರ ಮೂರು ಬಗೆ: ಪ್ರವೇಶ, ನಿರಾಕರಣೆ, ಇಲ್ಲವೇ ‘ಡಿಫರ್’, ಅಂದರೆ ರೆಗ್ಯುಲರ್ ಸುತ್ತಿನಲ್ಲಿ ಮತ್ತೆ ನೋಡುತ್ತೇವೆ ಎನ್ನುವುದು. ಡಿಫರ್ ಆದವರ ಮೇಲೆ ಬಂಧನ ಉಳಿಯುವುದಿಲ್ಲ. ಆದರೆ ಆ ಸಂಜೆಯಿಂದ ಜನವರಿ 1ರ ಗಡುವಿಗೆ ಎರಡು ವಾರ ಮಾತ್ರ ಇರುತ್ತದೆ, ಅದರ ಜೊತೆ ಮನಸ್ಸೂ ಕುಗ್ಗಿರುತ್ತದೆ. ಉಳಿದ ಕಾಲೇಜುಗಳ ಪ್ರಬಂಧಗಳನ್ನು ಅಕ್ಟೋಬರ್‌ನಲ್ಲೇ ಬರೆದಿಟ್ಟವರಿಗೆ ಆಗ ಬಾಕಿ ಇರುವುದು ಕಳಿಸುವ ಕೆಲಸವಷ್ಟೇ.