ಪಾರ್ಮೊಟ್ರೆಮಾ (ಕಲ್ಲುಹೂವು): ವರ್ಗೀಕರಣ ಮತ್ತು ಲಕ್ಷಣಗಳು

ಮಸಾಲೆ ಪದಾರ್ಥವಾಗಿ ಬಳಸುವ ಕಲ್ಲುಹೂವು ಹೂವಲ್ಲ, ಸಸ್ಯವೂ ಅಲ್ಲ. ಶಿಲೀಂಧ್ರ ಮತ್ತು ಹಸಿರು ಶೈವಲಗಳು ಕೂಡಿ ಬಾಳುವ ಲೈಕೆನ್ ಇದಾಗಿರುತ್ತದೆ. ಶೈವಲವು ಬಿಸಿಲಿನ ನೆರವಿನಿಂದ ಆಹಾರ ತಯಾರಿಸುತ್ತದೆ. ಶಿಲೀಂಧ್ರವು ಆಸರೆ ನೀಡುತ್ತದೆ. ಕಲ್ಲುಹೂವೆಂದು ಮಾರಾಟವಾಗುವ ಲೈಕೆನ್‌ಗಳಲ್ಲಿ ಪಾರ್ಮೊಟ್ರೆಮಾ ಜಾತಿಯು ಪ್ರಮುಖವಾದುದು.

ವರ್ಗೀಕರಣ:
ವಿಭಾಗ – ಆಸ್ಕೊಮೈಕೋಟಾ
ವರ್ಗ – ಲೆಕನೊರೊಮೈಸಿಟೀಸ್
ಗಣ – ಲೆಕನೊರೇಲ್ಸ್
ಕುಟುಂಬ – ಪಾರ್ಮೆಲಿಯೇಸಿ
ಇಟಲಿಯ ವಿಜ್ಞಾನಿ ಅಬ್ರಾಮೊ ಮಸಲೊಂಗೊ ಅವರು 1860ರಲ್ಲಿ ಈ ಜಾತಿಯನ್ನು ವಿವರಿಸಿದರು.

ಲಕ್ಷಣಗಳು:
1. ಎಲೆಯಂತೆ ಹರಡುವ, ಅಂಚು ದುಂಡಗಿರುವ ಅಗಲವಾದ ಹಾಲೆಗಳು. ಮೇಲ್ಮೈ ಸಾಮಾನ್ಯವಾಗಿ ಬೂದು ಬಣ್ಣ.
2. ಕೆಳಮೈ ಕಪ್ಪು, ಅಂಚಿನ ಭಾಗ ಕಂದು ಬಣ್ಣವಿದ್ದು, ಅಲ್ಲಿ ಬೇರಿನಂತಹ ಎಳೆಗಳಿರುವುದಿಲ್ಲ.
3. ಅನೇಕ ಪ್ರಭೇದಗಳ ಅಂಚಿನಲ್ಲಿ ಕಪ್ಪು ರೋಮಗಳಿರುತ್ತವೆ. ಟಿಂಕ್ಟೋರಮ್ ಪ್ರಭೇದದಲ್ಲಿ ಅವು ಇರುವುದಿಲ್ಲ. ಅದರ ಮೇಲ್ಮೈಯ ಸೂಕ್ಷ್ಮ ಚಾಚುಗಳು ಮುರಿದು ಬಿದ್ದಲ್ಲಿ ಹೊಸ ಲೈಕೆನ್ ಬೆಳೆಯುತ್ತದೆ.
4. ಎಳೆಗಳು ತೊಗಟೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಮರದ ಸಾರವನ್ನು ಹೀರುವುದಿಲ್ಲ. ಆದುದರಿಂದ ಲೈಕೆನ್ ಇರುವುದು ಮರದ ರೋಗದ ಗುರುತಲ್ಲ.

ಸಂಗ್ರಹಣೆ:
ಇದರ ಬೆಳವಣಿಗೆ ನಿಧಾನ. ತೊಗಟೆಯನ್ನು ಪೂರ್ತಿಯಾಗಿ ಕೆರೆದಲ್ಲಿ ಪುನಃ ಹರಡಲು ಹಲವು ವರ್ಷಗಳು ಬೇಕಾಗುತ್ತವೆ. ಮರವೊಂದರಲ್ಲಿ ಒಂದು ಭಾಗವನ್ನು ಉಳಿಸಿ ಸಂಗ್ರಹಿಸುವುದು ಸೂಕ್ತ. ಕಿರು ಅರಣ್ಯ ಉತ್ಪನ್ನಗಳನ್ನು ಪಾರಂಪರಿಕವಾಗಿ ಸಂಗ್ರಹಿಸುತ್ತಿರುವ ಅರಣ್ಯವಾಸಿಗಳ ಹಕ್ಕನ್ನು ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006 ಮಾನ್ಯ ಮಾಡಿರುತ್ತದೆ. ಸಮುದಾಯದ ಹಕ್ಕು ಕೋರುವವರು ನಮೂನೆ–ಬಿ ಯಲ್ಲಿ ಅರಣ್ಯ ಹಕ್ಕು ಸಮಿತಿಯ ಮೂಲಕ ಗ್ರಾಮಸಭೆಗೆ ಅರ್ಜಿ ಸಲ್ಲಿಸತಕ್ಕದ್ದು.